ಬದುವಿನಾಚೆಯ ಬಂದೂಕು ಮತ್ತು ಶ್ರಾವಕನ ಮೌನ

ಇಬ್ಬರು ನೆರೆಯವರ ನಡುವೆ ಜಮೀನಿನ ಗಡಿಗಾಗಿ ನಡೆಯುವ ವ್ಯಾಜ್ಯದಲ್ಲಿ ಸಾಮಾನ್ಯವಾಗಿ ಎರಡೇ ಪಕ್ಷಗಳಿರುತ್ತವೆ. ಬಾಂದುಕಲ್ಲು ಎಲ್ಲಿತ್ತು, ಬದುವನ್ನು ಯಾರು ಒತ್ತಿದರು, ದಾರಿಯ ಹಕ್ಕು ಯಾರದು ಎಂಬ ಪ್ರಶ್ನೆಗಳಿಗೆ ಸರ್ವೆ ನಕ್ಷೆಯೂ ಸಾಕ್ಷಿಗಳೂ ಉತ್ತರ ಹೇಳಿದರೆ ವ್ಯಾಜ್ಯ ಮುಗಿಯುತ್ತದೆ. ಆದರೆ ಅದೇ ಗಡಿಯನ್ನು ಬೇಟೆಗಾರನು ಬಂದೂಕು ಹಿಡಿದು ದಾಟಿದಾಗ ವ್ಯಾಜ್ಯಕ್ಕೆ ಮೂರನೆಯ ಪಕ್ಷವೊಂದು ಸೇರಿಕೊಳ್ಳುತ್ತದೆ. ಆ ಪಕ್ಷಕ್ಕೆ ವಕೀಲರಿಲ್ಲ, ಪಹಣಿಯಿಲ್ಲ, ನ್ಯಾಯಾಲಯದ ಬಾಗಿಲಲ್ಲಿ ಅದರ ಹೆಸರನ್ನು ಕೂಗುವವರಿಲ್ಲ. ತೀರ್ಪು ಯಾರ ಪರವಾಗಿ ಬಂದರೂ ಪ್ರಾಣ ಹೋಗುವುದು ಅದರದೇ.

ಈ ಮೂರನೆಯ ಪಕ್ಷವನ್ನು ಮರೆತು ಮಾತನಾಡುವುದು ಲೋಕರೂಢಿಯಾಗಿದೆ. "ಬೇಟೆಯ ಜಗಳವೆಂದರೆ ಆಸ್ತಿಯ ಜಗಳ; ತನ್ನ ಜಮೀನಿನಲ್ಲಿ ಬೇಡವೆನ್ನಲು ಒಬ್ಬನಿಗೆ ಹಕ್ಕಿದ್ದರೆ ತನ್ನ ಜಮೀನಿನಲ್ಲಿ ಹೊಡೆಯಲು ಇನ್ನೊಬ್ಬನಿಗೂ ಹಕ್ಕಿದೆ; ಇಬ್ಬರೂ ತಮ್ಮ ತಮ್ಮ ಬೇಲಿಯೊಳಗೆ ಇದ್ದರೆ ಸಾಕು" ಎಂಬ ವಾದವನ್ನು ವಿದ್ಯಾವಂತರೂ ಧರ್ಮಶ್ರದ್ಧೆಯುಳ್ಳವರೂ ಒಪ್ಪಿಬಿಡುವುದುಂಟು. ಕೇಳಲು ಈ ವಾದ ನ್ಯಾಯವಾಗಿಯೇ ತೋರುತ್ತದೆ. ಪರೀಕ್ಷೆಗೆ ಒಡ್ಡಿದರೆ ಮಾತ್ರ ಅದು ನಿಲ್ಲಲಾರದು.

ಬೇಟೆಯ ವಿಷಯದಲ್ಲಿ ಗಡಿಯ ಹಕ್ಕು ಅರ್ಧ ಮಾತು, ಉಳಿದರ್ಧ ಅಂತಃಕರಣದ್ದು. ತನ್ನ ನೆಲದ ಮೇಲೆ ಜೀವಹತ್ಯೆ ನಡೆಯಕೂಡದೆಂದು ಬಾಯಿಬಿಟ್ಟು ಹೇಳದವನು, ಹೇಳಿದ ಮೇಲೆ ಅದರ ವೆಚ್ಚವನ್ನು ಭರಿಸಲು ಹಿಂಜರಿಯುವವನು, ಬಂದೂಕನ್ನು ಮುಟ್ಟದಿದ್ದರೂ ಬೇಟೆಯ ಪಾಲುದಾರನೇ ಸರಿ. ಜೈನ ಗ್ರಂಥಗಳ ಪರಿಚಯವೇ ಇರಬೇಕಾಗಿಲ್ಲದ ಯುರೋಪಿನ ಸಾಮಾನ್ಯ ರೈತರು ಈ ಸತ್ಯಕ್ಕಾಗಿ ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅಹಿಂಸೆಯನ್ನು ಪರಮಧರ್ಮವೆಂದು ನಿತ್ಯ ಪಠಿಸುವ ಸಮಾಜವು ಅವರಿಂದ ಕಲಿಯಬೇಕಾದುದಿದೆ.

ನರಿಯ ವ್ಯಾಜ್ಯ

1805ರಲ್ಲಿ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯದ ಮುಂದೆ ಒಂದು ನರಿಯ ವ್ಯಾಜ್ಯ ಬಂದಿತು. 'ಪಿಯರ್ಸನ್ ವಿರುದ್ಧ ಪೋಸ್ಟ್' ಎಂಬ ಈ ಪ್ರಕರಣವನ್ನು ಅಲ್ಲಿನ ಕಾನೂನು ವಿದ್ಯಾರ್ಥಿಗಳು ಇಂದಿಗೂ ಆಸ್ತಿ ಕಾನೂನಿನ ಮೊದಲ ಪಾಠಗಳಲ್ಲಿ ಓದುತ್ತಾರೆ. ಲಾಂಗ್ ಐಲೆಂಡಿನ ಸಮುದ್ರತೀರದಲ್ಲಿ, ಯಾರ ಸ್ವಾಧೀನದಲ್ಲಿಯೂ ಇಲ್ಲದ ಬಯಲಿನಲ್ಲಿ, ಪೋಸ್ಟ್ ಎಂಬಾತನು ಬೇಟೆನಾಯಿಗಳೊಡನೆ ನರಿಯೊಂದನ್ನು ಅಟ್ಟಿಸಿಕೊಂಡು ಬರುತ್ತಿದ್ದನು. ಪಿಯರ್ಸನ್ ಎಂಬಾತನು ಅದನ್ನು ಕಂಡೂ ನಡುವೆ ನುಗ್ಗಿ ನರಿಯನ್ನು ಕೊಂದು ಒಯ್ದನು. ನರಿ ಯಾರದು ಎಂಬುದೇ ಮೊಕದ್ದಮೆ.

ಬಹುಮತದ ತೀರ್ಪು ಹೀಗಿತ್ತು: ಬೆನ್ನಟ್ಟಿದ ಮಾತ್ರಕ್ಕೆ ಕಾಡುಪ್ರಾಣಿ ಯಾರ ಸೊತ್ತೂ ಆಗದು, ಮಾರಣಾಂತಿಕವಾಗಿ ಗಾಯಗೊಳಿಸಿ ಅಥವಾ ತಪ್ಪಿಸಿಕೊಳ್ಳಲಾರದಂತೆ ಹಿಡಿದು ವಶಮಾಡಿಕೊಂಡವನೇ ಒಡೆಯ. ಭಿನ್ನಮತದ ನ್ಯಾಯಾಧೀಶ ಲಿವಿಂಗ್‌ಸ್ಟನ್ ಅವರು ಶ್ರಮಪಟ್ಟು ಅಟ್ಟಿಸಿಕೊಂಡು ಬಂದವನಿಗೇ ಫಲ ಸಲ್ಲಬೇಕೆಂದರು. ನರಿಯು ಉಪದ್ರವಕಾರಿ ಮೃಗವಾದುದರಿಂದ ಅದರ ನಾಶ ಲೋಕಕ್ಕೆ ಹಿತವೆಂದೂ ವಾದಿಸಿದರು. ಎರಡು ಅಭಿಪ್ರಾಯಗಳೂ ಪಾಂಡಿತ್ಯದಿಂದ ತುಂಬಿವೆ. ನರಿಗೆ ಬದುಕುವ ಆಸೆ ಇದ್ದೀತೇ ಎಂಬ ಪ್ರಶ್ನೆ ಎರಡರಲ್ಲಿಯೂ ಏಳುವುದಿಲ್ಲ.

ಈ ನ್ಯಾಯದ ಬೇರು ರೋಮನ್ ಕಾನೂನಿನಲ್ಲಿದೆ. ಅಲ್ಲಿ ಕಾಡುಪ್ರಾಣಿಯು ಯಾರಿಗೂ ಸೇರದ ವಸ್ತು, ಹಿಡಿದವನೇ ಒಡೆಯ. ಇನ್ನೊಬ್ಬನ ಹೊಲದಲ್ಲಿ ಹಿಡಿದರೂ ಅದು ಹಿಡಿದವನದೇ. ಹೊಲದ ಯಜಮಾನನು ಒಳಗೆ ಬರಬೇಡವೆಂದು ತಡೆಯಬಹುದಿತ್ತು, ಅಷ್ಟೇ. ಪ್ರಾಣಿಯನ್ನು 'ವಸ್ತು'ವೆಂದು ಎಣಿಸಿದ ಕ್ಷಣದಲ್ಲಿಯೇ ಜೀವದ ಪ್ರಶ್ನೆ ಮುಗಿದುಹೋಯಿತು. ಆಮೇಲೆ ಉಳಿದುದು ಹಂಚಿಕೆಯ ಪ್ರಶ್ನೆ. ಮುಂದಿನ ಶತಮಾನಗಳ ಬೇಟೆಯ ವ್ಯಾಜ್ಯಗಳಲ್ಲಿ ಹೆಚ್ಚಿನವು ಈ ಹಂಚಿಕೆಯ ಜಗಳಗಳೇ ಆಗಿವೆ.

ಒತ್ತಾಯದ ಸದಸ್ಯತ್ವ

ಫ್ರಾನ್ಸಿನಲ್ಲಿ ಬಹುಕಾಲ ಬೇಟೆಯು ಸರದಾರರ ವಿಶೇಷ ಹಕ್ಕಾಗಿತ್ತು. ರೈತನ ಬೆಳೆಯನ್ನು ಜಿಂಕೆ ಮೇಯ್ದರೂ ಸರದಾರನ ಕುದುರೆ ತುಳಿದರೂ ರೈತನು ಸುಮ್ಮನಿರಬೇಕಾಗಿತ್ತು. 1789ರ ಆಗಸ್ಟಿನಲ್ಲಿ ಕ್ರಾಂತಿಯ ರಾಷ್ಟ್ರಸಭೆ ಈ ಹಕ್ಕನ್ನು ರದ್ದುಗೊಳಿಸಿತು. ಬೇಟೆಯ ಹಕ್ಕು ಭೂಮಿಯ ಒಡೆತನದೊಡನೆ ಸೇರಿಕೊಂಡಿತು. ಆದರೆ ಸಣ್ಣ ಹಿಡುವಳಿಗಳೇ ಹೆಚ್ಚಾಗಿರುವ ಪ್ರದೇಶಗಳಲ್ಲಿ ಬೇಟೆಗಾರನು ನೂರು ಹೆಜ್ಜೆ ಇಡುವುದರೊಳಗೆ ಇನ್ನೊಬ್ಬರ ಬದು ಎದುರಾಗುತ್ತಿತ್ತು. ಈ ತೊಡಕನ್ನು ನೀಗಲು 1964ರ ಜುಲೈ 10ರಂದು 'ವೆರ್ದೇಯ್ ಕಾನೂನು' ಎಂದು ಹೆಸರಾದ ಶಾಸನ ಬಂದಿತು.

ಅದರಂತೆ ಗ್ರಾಮಗಳಲ್ಲಿ ಬೇಟೆ ಸಂಘಗಳು ಸ್ಥಾಪಿತವಾದವು. ಸಾಮಾನ್ಯವಾಗಿ 20 ಹೆಕ್ಟೇರ್, ಅಂದರೆ ಸುಮಾರು 50 ಎಕರೆಗಿಂತ ಕಡಿಮೆ ಭೂಮಿಯುಳ್ಳವರು ತಮ್ಮ ನೆಲದ ಮೇಲಿನ ಬೇಟೆಯ ಹಕ್ಕನ್ನು ಸಂಘಕ್ಕೆ ಒಪ್ಪಿಸಲೇಬೇಕಾಯಿತು. ಇಚ್ಛೆಯಿರಲಿ ಇಲ್ಲದಿರಲಿ ಸಂಘದ ಸದಸ್ಯರೂ ಆಗಬೇಕಾಯಿತು. ವಾಸದ ಮನೆಯ ಸುತ್ತ 150 ಮೀಟರ್ ಮಾತ್ರ ಬಿಡುಗಡೆ. ಹೆಚ್ಚು ಭೂಮಿಯುಳ್ಳ ಜಮೀನುದಾರರು ಹೊರಗುಳಿಯಬಹುದಿತ್ತು. ಈ ಕಾನೂನಿನ ವ್ಯಾಪ್ತಿಗೆ ಬಂದ 93 ಜಿಲ್ಲೆಗಳಲ್ಲಿ ಸಂಘವು ಕಡ್ಡಾಯವಾಗಿದ್ದುದು 29ರಲ್ಲಿ ಮಾತ್ರ. ನೆರೆಯ ಜಿಲ್ಲೆಯ ರೈತನಿಗಿದ್ದ ಸ್ವಾತಂತ್ರ್ಯ ಈ ಜಿಲ್ಲೆಯ ರೈತನಿಗೆ ಇರಲಿಲ್ಲ.

ದೋರ್ದೋನ್ಯ್, ಜಿರೋಂದ್ ಮೊದಲಾದ ಜಿಲ್ಲೆಗಳ ಕೆಲವು ಸಣ್ಣ ಹಿಡುವಳಿದಾರರು ಬೇಟೆಯನ್ನು ಅಂತಃಕರಣದಿಂದ ವಿರೋಧಿಸುವವರಾಗಿದ್ದರು. ದೋರ್ದೋನ್ಯ್‌ನವರು ತಮ್ಮ ಜಮೀನಿನ ಅಂಚಿನಲ್ಲಿ 'ಬೇಟೆ ನಿಷಿದ್ಧ' ಎಂಬ ಫಲಕಗಳನ್ನು ನೆಟ್ಟರು. ಊರಿನ ಬೇಟೆ ಸಂಘಗಳು ನ್ಯಾಯಾಲಯಕ್ಕೆ ಹೋದವು. ಫಲಕಗಳನ್ನು ಕೀಳಬೇಕೆಂದು ಆದೇಶವಾಯಿತು! ಸ್ವಂತ ಹೊಲದಲ್ಲಿ, ಸ್ವಂತ ಖರ್ಚಿನಲ್ಲಿ ನೆಟ್ಟ ಫಲಕ. ಅದರಲ್ಲಿದ್ದುದು ಕೊಲ್ಲಬೇಡಿ ಎಂಬ ಒಂದೇ ಮಾತು. ಆ ಮಾತು ಕಾನೂನಿಗೆ ಸಹಿಸದಾಯಿತು.

ರೈತರು ಧೃತಿಗೆಡಲಿಲ್ಲ. ಸ್ವದೇಶದ ನ್ಯಾಯಾಲಯಗಳಲ್ಲಿ ಸೋತು ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 1999ರ ಏಪ್ರಿಲ್ 29ರಂದು ಆ ನ್ಯಾಯಾಲಯದ ವಿಸ್ತೃತ ಪೀಠವು ಅವರ ಪರವಾಗಿ ತೀರ್ಪಿತ್ತಿತು. ತನ್ನ ನಂಬಿಕೆಗೆ ಸಂಪೂರ್ಣ ವಿರುದ್ಧವಾದ ಕಾರ್ಯಕ್ಕೆ ತನ್ನ ನೆಲವನ್ನು ಪರರಿಗೆ ಒಪ್ಪಿಸೆಂದು ಸಣ್ಣ ಒಡೆಯನನ್ನು ಒತ್ತಾಯಿಸುವುದು ಮಿತಿಮೀರಿದ ಹೊರೆ. ಒಪ್ಪದ ಸಂಘಕ್ಕೆ ಸೇರಿಸುವುದು ಸಂಘಸ್ವಾತಂತ್ರ್ಯದ ಭಂಗ. ದೊಡ್ಡವರಿಗೆ ಬಿಡುಗಡೆ ಕೊಟ್ಟು ಸಣ್ಣವರಿಗೆ ಕೊಡದಿರುವುದು ತಾರತಮ್ಯ. ಇವು ಆ ತೀರ್ಪಿನ ಸಾರ.

ವ್ಯಾಪಾರಸ್ಥರ ಗಮನಕ್ಕೆ ಬರಬೇಕಾದ ಅಂಶವೊಂದು ಇದರಲ್ಲಿದೆ. ಒತ್ತಾಯದಿಂದ ಪಡೆದ ಹಕ್ಕಿಗೆ ಪ್ರತಿಫಲ ಏನು ಎಂದು ಕೇಳಿದಾಗ, ಜಮೀನು ಕೊಟ್ಟವರಿಗೂ ಇಡೀ ಗ್ರಾಮದ ಭೂಮಿಯಲ್ಲಿ ಬೇಟೆಯಾಡುವ ಹಕ್ಕು ದೊರೆಯುತ್ತದಲ್ಲ ಎಂಬುದು ಕಾನೂನಿನ ಉತ್ತರವಾಗಿತ್ತು. ಬೇಟೆಯಾಡುವವನಿಗೆ ಮಾತ್ರ ಇದು ಪ್ರತಿಫಲವೆಂದು ನ್ಯಾಯಾಲಯ ಸರಿಯಾಗಿಯೇ ಗುರುತಿಸಿತು. ಶುದ್ಧ ಸಸ್ಯಾಹಾರಿಯ ಅಕ್ಕಿಯನ್ನು ಕಿತ್ತುಕೊಂಡು ಬದಲಿಗೆ ಮಾಂಸ ಕೊಡುತ್ತೇನೆಂದರೆ ಯಾವ ಲೆಕ್ಕಪತ್ರದಲ್ಲಿ ಜಮಾ-ಖರ್ಚು ಸರಿಹೊಂದೀತು?

2000ದ ಜುಲೈ 26ರ ಶಾಸನದಿಂದ ಫ್ರಾನ್ಸ್ ತನ್ನ ಕಾನೂನನ್ನು ತಿದ್ದಿಕೊಂಡಿತು. ವೈಯಕ್ತಿಕ ನಂಬಿಕೆಯ ಕಾರಣದಿಂದ ಬೇಟೆಯನ್ನು ವಿರೋಧಿಸುವ ಒಡೆಯನು ಈಗ ತನ್ನ ಭೂಮಿಯನ್ನು ಸಂಘದಿಂದ ಹಿಂದಕ್ಕೆ ಪಡೆಯಬಹುದು. ಷರತ್ತು ಒಂದಿದೆ: ಆ ನೆಲದಲ್ಲಿ ಅವನೂ ಬೇಟೆಯಾಡಕೂಡದು. ಈ ಷರತ್ತು ಬಹಳ ಅರ್ಥವತ್ತಾದುದು. ಅನ್ಯರಿಗೆ ನಿಷೇಧಿಸಿ ತನಗೆ ಇಟ್ಟುಕೊಂಡರೆ ಅದು ಅಹಿಂಸೆಯಾಗದು, ಬೇಟೆಯ ಏಕಸ್ವಾಮ್ಯವಾಗುತ್ತದೆ.

ಹಕ್ಕೋ ಅಂತಃಕರಣವೋ

ಜರ್ಮನಿಯಲ್ಲಿಯೂ ಇದೇ ವ್ಯಾಜ್ಯ ಇನ್ನೊಂದು ರೂಪದಲ್ಲಿ ನಡೆಯಿತು. ಅಲ್ಲಿ 75 ಹೆಕ್ಟೇರಿಗಿಂತ ಕಡಿಮೆ ಭೂಮಿಯುಳ್ಳವರು ಸಾಮಾನ್ಯವಾಗಿ ಬೇಟೆ ಸಂಘದ ಕಡ್ಡಾಯ ಸದಸ್ಯರು. ತಾಯಿಯಿಂದ ಎರಡು ತುಂಡು ಭೂಮಿಯನ್ನು ಪಡೆದಿದ್ದ ಒಬ್ಬ ಗೃಹಸ್ಥರು 2003ರಲ್ಲಿ ತಮ್ಮನ್ನು ಸಂಘದಿಂದ ಬಿಡುಗಡೆ ಮಾಡಿರೆಂದು ಕೇಳಿದರು. ದೇಶದ ಸಾಂವಿಧಾನಿಕ ನ್ಯಾಯಾಲಯವೂ ಅವರ ಮನವಿಯನ್ನು ಒಪ್ಪಲಿಲ್ಲ. 2011ರಲ್ಲಿ ಸ್ಟ್ರಾಸ್‌ಬರ್ಗಿನ ಸಣ್ಣ ಪೀಠವೂ ಒಪ್ಪಲಿಲ್ಲ. 2012ರ ಜೂನ್ 26ರಂದು ವಿಸ್ತೃತ ಪೀಠವು ಅವರ ಪರವಾಗಿ ತೀರ್ಪಿತ್ತಿತು. ಮರುವರ್ಷದ ಕೊನೆಯಲ್ಲಿ ಜರ್ಮನಿಯ ತಿದ್ದುಪಡಿ ಜಾರಿಗೆ ಬಂದಿತು. ಒಂಬತ್ತು ವರ್ಷಗಳ ಹೋರಾಟದಲ್ಲಿ ಅವರಿಗೆ ಹಣದ ಲಾಭವೇನೂ ಇರಲಿಲ್ಲ. ತಮ್ಮ ನೆಲದಲ್ಲಿ ಗುಂಡಿನ ಸದ್ದು ಕೇಳಬಾರದೆಂಬುದೊಂದೇ ಬಯಕೆ.

ಅದೇ 2012ರ ಅಕ್ಟೋಬರ್ 4ರಂದು ಅದೇ ಪೀಠದ ಮುಂದೆ ಫ್ರಾನ್ಸಿನ ಮತ್ತೊಬ್ಬ ಸಣ್ಣ ಒಡೆಯನ ಪ್ರಕರಣ ತೀರ್ಮಾನವಾಯಿತು. ಅವನಿಗೆ ಬೇಟೆಯ ಬಗ್ಗೆ ನೈತಿಕ ವಿರೋಧವಿರಲಿಲ್ಲ; ದೊಡ್ಡ ಜಮೀನುದಾರರಂತೆ ತನ್ನ ಭೂಮಿಯನ್ನೂ ಸಂಘದಿಂದ ಹೊರಗಿಡಬೇಕೆಂಬುದಷ್ಟೇ ಅವನ ಬೇಡಿಕೆ. ಅವನು ಸೋತನು. ಅಂತಃಕರಣದ ವಿರೋಧಕ್ಕೆ ದೊರೆತ ರಕ್ಷಣೆ ಬರಿಯ ಆಸ್ತಿಯ ಅಭಿಮಾನಕ್ಕೆ ದೊರೆಯಲಿಲ್ಲ.

ಈ ಎರಡು ತೀರ್ಪುಗಳನ್ನು ಜೊತೆಗಿಟ್ಟು ಓದಿದರೆ "ನಿನ್ನ ಬೇಲಿಯೊಳಗೆ ನೀನು, ನನ್ನ ಬೇಲಿಯೊಳಗೆ ನಾನು" ಎಂಬ ವಾದದ ಟೊಳ್ಳುತನ ಬಯಲಾಗುತ್ತದೆ. ಬೇಟೆಯನ್ನು ತಡೆಯುವ ಬಲ ಆ ನ್ಯಾಯಾಲಯದಲ್ಲಿಯೂ ಕಾಗದಪತ್ರದಿಂದಷ್ಟೇ ಹುಟ್ಟಲಿಲ್ಲ. ಅದು ಹುಟ್ಟಿದ್ದು ಒಡೆಯನ ಮನಸ್ಸಿನ ದೃಢತೆಯಿಂದ, ಮತ್ತು ಅದನ್ನು ಅವನು ಬಹಿರಂಗವಾಗಿ ಸಾರಿದ್ದರಿಂದ. ಸುಮ್ಮನಿದ್ದವನ ಮನಸ್ಸಿನಲ್ಲಿ ಎಷ್ಟೇ ಕರುಣೆಯಿದ್ದರೂ ಕಾನೂನು ಅದನ್ನು ಎಣಿಸಲಿಲ್ಲ.

ಕೃತ, ಕಾರಿತ, ಅನುಮತ

ಸ್ಟ್ರಾಸ್‌ಬರ್ಗಿನ ನ್ಯಾಯಾಧೀಶರು 1999ರಲ್ಲಿ ಕಂಡುಕೊಂಡ ತತ್ತ್ವವನ್ನು ಜೈನಾಚಾರ್ಯರು ಬಹು ಹಿಂದೆಯೇ ಸೂಕ್ಷ್ಮವಾಗಿ ವಿಂಗಡಿಸಿದ್ದಾರೆ. ತಾನೇ ಮಾಡಿದ್ದು ಕೃತ, ಇನ್ನೊಬ್ಬರಿಂದ ಮಾಡಿಸಿದ್ದು ಕಾರಿತ, ಮಾಡಿದ್ದಕ್ಕೆ ಒಪ್ಪಿಗೆ ಕೊಟ್ಟದ್ದು ಅನುಮತ. ಆಸ್ರವದ ಲೆಕ್ಕದಲ್ಲಿ ಮೂರಕ್ಕೂ ಸ್ಥಾನವಿದೆ. ಸಪ್ತವ್ಯಸನಗಳಲ್ಲಿ ಬೇಟೆಯನ್ನು ಜೂಜು, ಕಳ್ಳತನಗಳ ಸಾಲಿನಲ್ಲಿಯೇ ಎಣಿಸಿರುವುದನ್ನೂ ನೆನೆಯಬೇಕು. ಕಳ್ಳನಿಗೆ ತನ್ನ ಹಿತ್ತಿಲ ಬಾಗಿಲನ್ನು ತೆರೆದಿಟ್ಟವನು "ಕದ್ದವನು ನಾನಲ್ಲ" ಎಂದರೆ ಯಾರೂ ನಂಬುವುದಿಲ್ಲ. ಬೇಟೆಗಾರನಿಗೆ ಹಿತ್ತಿಲನ್ನು ಬಿಟ್ಟುಕೊಟ್ಟವನ ಮಾತನ್ನು ಮಾತ್ರ ನಂಬುವುದೇಕೆ?

ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ವಿಷಯ ಇನ್ನಷ್ಟು ಸ್ಪಷ್ಟ. 1932ರ ಭಾರತೀಯ ಪಾಲುದಾರಿಕೆ ಅಧಿನಿಯಮದ ಪ್ರಕಾರ ಪಾಲುದಾರನಾಗಿರುವ ಅವಧಿಯಲ್ಲಿ ಸಂಸ್ಥೆ ಮಾಡಿದ ಎಲ್ಲ ಕಾರ್ಯಗಳಿಗೂ ಪ್ರತಿಯೊಬ್ಬ ಪಾಲುದಾರನೂ ಹೊಣೆ. ತಾನು ಗಲ್ಲಾಪೆಟ್ಟಿಗೆಯ ಮುಂದೆ ಕೂರಲಿಲ್ಲ, ಸಾಲಪತ್ರಕ್ಕೆ ಸಹಿ ಹಾಕಲಿಲ್ಲ ಎಂದು ಅವನು ತಪ್ಪಿಸಿಕೊಳ್ಳುವಂತಿಲ್ಲ. ಹೊರಗೆ ಬರುವವನು ಸಾರ್ವಜನಿಕ ಪ್ರಕಟಣೆ ನೀಡಬೇಕು. ಪಾಲುದಾರನೆಂದು ಲೋಕಕ್ಕೆ ತಿಳಿದಿದ್ದವನು ಅದನ್ನು ನೀಡುವವರೆಗೆ ಹೊರಗಿನವರ ದೃಷ್ಟಿಯಲ್ಲಿ ಪಾಲುದಾರನೇ. ಜಮೀನಿನ ಅಂಚಿನಲ್ಲಿ ನೆಡುವ 'ಬೇಟೆ ನಿಷಿದ್ಧ' ಎಂಬ ಫಲಕವು ಅಂಥದೊಂದು ಪ್ರಕಟಣೆ. ಫ್ರಾನ್ಸಿನ ರೈತರು ಹಿಂಸೆಯ ಪಾಲುದಾರಿಕೆಯಿಂದ ನಿವೃತ್ತಿಯನ್ನು ಘೋಷಿಸಿದ್ದು ಹಾಗೆಯೇ. ವರ್ಷಗಳಿಂದ ಅಹಿಂಸೆಯ ಉಪನ್ಯಾಸ ಕೇಳುತ್ತ ಬಂದ ಎಷ್ಟು ತೋಟಗಳ ಬದುವಿನಲ್ಲಿ ಅಂಥ ಫಲಕವಿದೆ?

"ನೆರೆಹೊರೆಯಲ್ಲಿ ವಿರಸ ಬೇಡ, ಸ್ವಲ್ಪ ನೋಡಿಯೂ ನೋಡದಂತೆ ಇದ್ದರಾಯಿತು" ಎನ್ನುವವರು ಜನ್ನ ಕವಿಯ 1209ರ ಯಶೋಧರ ಚರಿತೆಯನ್ನು ನೆನೆಯಲಿ. ಯಶೋಧರ ಮಹಾರಾಜನು ಜೀವಬಲಿಗೆ ಒಪ್ಪದವನು. ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಡುವ ಮಧ್ಯಮಾರ್ಗಕ್ಕೆ ಸಮ್ಮತಿಸಿದನು. ಆ ರಾಜಿಯ ಫಲವಾಗಿ ತಾಯಿಯೂ ಮಗನೂ ನವಿಲು, ನಾಯಿ ಮೊದಲಾದ ತಿರ್ಯಗ್ಜನ್ಮಗಳಲ್ಲಿ ತೊಳಲಿದರು. ನೆರೆಯವನ ಮುಖ ನೋಡಿ ಮಾಡಿಕೊಳ್ಳುವ ಮೌನವೂ ಒಂದು ಹಿಟ್ಟಿನ ಕೋಳಿಯೇ. ಯಶೋಧರನದು ಹಿಟ್ಟಿನ ಕೋಳಿಯಾದರೂ ಆಗಿತ್ತು. ಬದುವಿನಲ್ಲಿ ಸಾಯುವ ಕಡವೆ ನಿಜವಾದದ್ದು.

"ಗಡಿಯಾಚೆ ನಡೆಯುವುದು ನನಗೆ ಸಂಬಂಧವಿಲ್ಲ" ಎನ್ನುವವರಿಗೆ ಭಗವಾನ್ ನೇಮಿನಾಥರ ವೃತ್ತಾಂತವೇ ಉತ್ತರ. ವಿವಾಹಕ್ಕೆ ಹೊರಟ ದಾರಿಯಲ್ಲಿ ಅವರು ಕಂಡ ಮೃಗಗಳು ಅವರ ದೊಡ್ಡಿಯಲ್ಲಿ ಇರಲಿಲ್ಲ. ಕನ್ಯೆಯ ಕಡೆಯವರ ದೊಡ್ಡಿಯಲ್ಲಿದ್ದವು. ಬೇಲಿ ಪರರದು, ಮೃಗಗಳು ಪರರವು, ಅಡುಗೆಯೂ ಪರರದು. ಆದರೆ ಆ ವಧೆ ತಮ್ಮ ನಿಮಿತ್ತವಾಗಿ ನಡೆಯಲಿದೆಯೆಂದು ತಿಳಿದೊಡನೆ ಅವರು ರಥವನ್ನು ತಿರುಗಿಸಿದರು. ಆಸ್ತಿಯ ಗಡಿಯನ್ನು ಅಲ್ಲಿ ಯಾರೂ ಅಳೆಯಲಿಲ್ಲ.

ನೆರೆಯವನ ಬೆಳೆಯ ಪ್ರಶ್ನೆ

ಎದುರುಪಕ್ಷದ ವಾದಗಳಲ್ಲಿ ಗಂಭೀರವಾದುದು ಒಂದೇ, ಅದು ಬೆಳೆಯ ವಾದ. "ನಿಮ್ಮ ಜಮೀನಿನಲ್ಲಿ ಬೇಟೆ ನಿಷೇಧಿಸಿದರೆ ಅದು ಕಾಡುಹಂದಿಗೆ ಆಶ್ರಯವಾಗುತ್ತದೆ. ಹಗಲು ನಿಮ್ಮ ಪೊದೆಯಲ್ಲಿ ಮಲಗಿ ರಾತ್ರಿ ನಮ್ಮ ಮುಸುಕಿನ ಜೋಳವನ್ನು ಮುಗಿಸುತ್ತದೆ. ಪುಣ್ಯ ನಿಮಗೆ, ನಷ್ಟ ನಮಗೆ" ಎಂದು ನೆರೆಯವನು ಹೇಳಿದರೆ ಅದರಲ್ಲಿ ಹುರುಳಿದೆ. ಒಂದೇ ರಾತ್ರಿಯಲ್ಲಿ ವರ್ಷದ ದುಡಿಮೆ ಮಣ್ಣುಪಾಲಾದುದನ್ನು ಕಂಡ ರೈತನಿಗೆ ಅಹಿಂಸೆಯ ಉಪದೇಶ ಹೇಳಿ ಮನೆಗೆ ಬಂದು ಮಲಗುವುದು ಧರ್ಮವಲ್ಲ.

ಆದರೆ ಈ ವಾದದಿಂದ ಹೊರಡುವ ತೀರ್ಮಾನವೇನು? ಕೊಲ್ಲಲು ಬಿಡಬೇಕೆಂಬುದೇ? ಅಲ್ಲ, ನಷ್ಟದಲ್ಲಿ ಪಾಲುಗೊಳ್ಳಬೇಕೆಂಬುದು. ಅಹಿಂಸೆಗೂ ಒಂದು ಖರ್ಚಿನ ಬಾಬ್ತು ಇದೆ. ಅದನ್ನು ಬಡ ನೆರೆಯವನ ಲೆಕ್ಕಕ್ಕೆ ಬರೆದು ಪುಣ್ಯವನ್ನು ಮಾತ್ರ ತನ್ನ ಖಾತೆಗೆ ಜಮೆ ಮಾಡಿಕೊಳ್ಳುವುದು ಸುಳ್ಳು ಲೆಕ್ಕ. ಫಲಕ ನೆಡುವವನು ಗಡಿಬೇಲಿಯ ವೆಚ್ಚದಲ್ಲಿ ತನ್ನ ಪಾಲಿಗಿಂತ ಹೆಚ್ಚೇ ಕೊಡಬೇಕು. ಫಸಲಿನ ದಿನಗಳಲ್ಲಿ ರಾತ್ರಿಯ ಕಾವಲಿಗೆ ಆಳು ಒದಗಿಸಬೇಕು. ತನ್ನ ಬದುವಿನ ಪೊದೆಗಳನ್ನು ಹದದಲ್ಲಿಡಬೇಕು. ಅರಣ್ಯ ಇಲಾಖೆಯ ಪರಿಹಾರಕ್ಕೆ ನೆರೆಯವನು ಅರ್ಜಿ ಹಾಕುವಾಗ ಜೊತೆಯಲ್ಲಿ ಹೋಗಿ ಸಾಕ್ಷಿ ಹೇಳಬೇಕು. ಅಷ್ಟು ಮಾಡಿದವನ 'ಬೇಡ' ಎಂಬ ಮಾತಿಗೆ ನೆರೆಯವನು ಬೆಲೆ ಕೊಡುತ್ತಾನೆ. ಏನೂ ಮಾಡದವನ ಫಲಕವು ಅವನಿಗೆ ಅಪಹಾಸ್ಯವಾಗಿಯೇ ಕಾಣುತ್ತದೆ.

ಕೆಲವರು ಶಾಸ್ತ್ರದ ನೆರವನ್ನೂ ಪಡೆಯುತ್ತಾರೆ. ಗೃಹಸ್ಥನಿಗೆ ಸಂಕಲ್ಪೀ ಹಿಂಸೆ ಮಾತ್ರ ಸರ್ವಥಾ ತ್ಯಾಜ್ಯ. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಅನಿವಾರ್ಯವಾದಷ್ಟು ಮಟ್ಟಿಗೆ ಕ್ಷಮ್ಯ. ಬೆಳೆಯ ರಕ್ಷಣೆ ಉದ್ಯೋಗಕ್ಕೆ ಸೇರಿದ್ದಲ್ಲವೇ ಎಂದು ಕೇಳುತ್ತಾರೆ. ನೇಗಿಲ ಬಾಯಿಗೆ ಸಿಕ್ಕು ಹುಳು ಸಾಯುವುದು ಉದ್ಯೋಗೀ ಹಿಂಸೆ. ಅಲ್ಲಿ ಕೊಲ್ಲುವ ಉದ್ದೇಶವಿಲ್ಲ. ಸಂಜೆ ದಾರಿ ನೋಡಿ, ಹೆಜ್ಜೆ ಗುರುತಿಸಿ, ತಂತಿಯ ಉರುಳು ಬಿಗಿದು, ಬೆಳಿಗ್ಗೆ ಬಂದು ಏನು ಸಿಕ್ಕಿತೆಂದು ಬಗ್ಗಿ ನೋಡುವುದರಲ್ಲಿ ಸಂಕಲ್ಪವಿಲ್ಲದೆ ಮತ್ತೇನಿದೆ? ಬೇಲಿಯಿಂದ ತಡೆಯಬಹುದಾದುದನ್ನು ಕೊಂದು ತಡೆದರೆ ಅನಿವಾರ್ಯವೆಂಬ ಮಾತಿಗೆ ಎಡೆಯಿಲ್ಲ.

ಉರುಳಿಗೆ ಗಡಿ ತಿಳಿಯದು

"ಇದೆಲ್ಲ ಯುರೋಪಿನ ಮಾತು. ಭಾರತದಲ್ಲಿ ಬೇಟೆಯೇ ನಿಷಿದ್ಧವಲ್ಲವೇ?" ಎಂಬ ಸಮಾಧಾನವೂ ಉಂಟು. ಕಾನೂನು ಸ್ಪಷ್ಟವಾಗಿದೆ ಎಂಬುದು ನಿಜ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಲ್ಲಿ 'ಬೇಟೆ' ಎಂಬ ಶಬ್ದಕ್ಕೆ ಕೊಲ್ಲುವುದಷ್ಟೇ ಅರ್ಥವಲ್ಲ. ವಿಷವಿಡುವುದು, ಉರುಳು ಹಾಕುವುದು, ಬೋನಿನಲ್ಲಿ ಹಿಡಿಯುವುದು, ಅಟ್ಟುವುದು, ಆಮಿಷ ಒಡ್ಡುವುದು, ಇವುಗಳಿಗೆ ಪ್ರಯತ್ನಿಸುವುದು ಎಲ್ಲವೂ ಬೇಟೆಯೇ. ಕಾಡುಹಂದಿಯೂ ಆ ಅಧಿನಿಯಮದ ಅನುಸೂಚಿಯಲ್ಲಿದೆ. ಬೆಳೆಗೆ ಅಪಾಯಕಾರಿಯಾದ ಪ್ರಾಣಿಯ ವಿಷಯದಲ್ಲಿಯೂ ಅಧಿಕಾರವುಳ್ಳ ವನ್ಯಜೀವಿ ಅಧಿಕಾರಿಯ ಸಕಾರಣ ಲಿಖಿತ ಆದೇಶ ಬೇಕು; ನೆರೆಯವರಿಬ್ಬರು ಕೂಡಿ ತೀರ್ಮಾನಿಸುವ ವಿಷಯ ಅದಲ್ಲ. ಹತವಾದ ಪ್ರಾಣಿಯು ಹೊಲದ ಒಡೆಯನದೂ ಅಲ್ಲ, ಹೊಡೆದವನದೂ ಅಲ್ಲ, ಸರ್ಕಾರದ ಸೊತ್ತು. ರೋಮಿನ ಕಾಲದ ಹಂಚಿಕೆಯ ಜಗಳಕ್ಕೆ ಇಲ್ಲಿ ಆಸ್ಪದವೇ ಇಲ್ಲ. ಅಪರಾಧ ಎಸಗುವ ಉದ್ದೇಶದಿಂದ ಪರರ ನೆಲವನ್ನು ಪ್ರವೇಶಿಸುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 329ನೆಯ ಕಲಮಿನ ಪ್ರಕಾರ ದಂಡಾರ್ಹ ಅತಿಕ್ರಮ ಪ್ರವೇಶ. ಫ್ರಾನ್ಸಿನ ರೈತನು ಕಾನೂನಿನ ವಿರುದ್ಧ ಹೋರಾಡಬೇಕಾಯಿತು. ಇಲ್ಲಿನ ಒಡೆಯನ ಬೆನ್ನಿಗೆ ಕಾನೂನೇ ನಿಂತಿದೆ.

ಕಾನೂನು ಇಷ್ಟು ಬಲವಾಗಿರುವಾಗಲೂ ಕ್ಲಚ್ ತಂತಿಯ ಉರುಳುಗಳು ಬದುಗಳಲ್ಲಿ ಕಾಣುತ್ತಲೇ ಇವೆ. ಹಂದಿಗೆಂದು ಹಾಕಿದ ಉರುಳಿನಲ್ಲಿ ಚಿರತೆ ಸಿಕ್ಕಿ ನರಳಿದ ಸುದ್ದಿ ಕರ್ನಾಟಕದ ಪತ್ರಿಕೆಗಳಿಗೆ ಹೊಸದಲ್ಲ. ಮನೆಯ ವಿದ್ಯುತ್ತನ್ನೇ ನೇರವಾಗಿ ಬೇಲಿಗೆ ಹರಿಸಿ ಆನೆಗಳನ್ನೂ ಮನುಷ್ಯರನ್ನೂ ಕೊಂದ ಪ್ರಸಂಗಗಳು ಮತ್ತೆ ಮತ್ತೆ ವರದಿಯಾಗುತ್ತವೆ. 2020ರ ಮೇ 27ರಂದು ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಸಿಡಿಮದ್ದು ತುಂಬಿದ ಆಹಾರವನ್ನು ಕಚ್ಚಿದ್ದ ಗರ್ಭಿಣಿ ಆನೆಯೊಂದು ಹೊಳೆಯ ನೀರಿನಲ್ಲಿ ನಿಂತೇ ಪ್ರಾಣ ಬಿಟ್ಟಿತು. ಬೆಳೆಗಾರರು ಕಾಡುಹಂದಿಗಾಗಿ ಇಂಥ ಮದ್ದು ಇಡುವ ರೂಢಿ ಆಗ ಇಡೀ ದೇಶಕ್ಕೆ ತಿಳಿಯಿತು. ಉರುಳಿಗೆ ಗಡಿ ತಿಳಿಯದು, ಹಂದಿಯಾವುದು ಆನೆಯಾವುದು ಎಂಬುದೂ ತಿಳಿಯದು. ಅದನ್ನು ಇಡುವ ಕೈಗೆ, ಇಡುವುದನ್ನು ಕಂಡೂ ಸುಮ್ಮನಿರುವ ಕಣ್ಣಿಗೆ ತಿಳಿದಿರಬೇಕು.

ಇಲ್ಲಿಯೇ ಜೈನ ಕುಟುಂಬಗಳು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಕಹಿ ಪ್ರಶ್ನೆಯಿದೆ. ಎಷ್ಟೋ ಕುಟುಂಬಗಳು ಇಂದು ಪೇಟೆಯಲ್ಲಿವೆ. ತೋಟ ಮಾತ್ರ ಊರಿನಲ್ಲಿದೆ. ಫಸಲನ್ನು ಚೇಣಿಗೆ ಕೊಟ್ಟು, ಕಾವಲುಗಾರನನ್ನು ಇಟ್ಟು, ವರ್ಷಕ್ಕೊಮ್ಮೆ ಹೋಗಿ ಹಣ ಎಣಿಸಿಕೊಂಡು ಬರುವುದು ವಾಡಿಕೆಯಾಗಿದೆ. ಫಸಲು ಉಳಿಸಿಕೊಳ್ಳಲು ಗುತ್ತಿಗೆದಾರನು ಬದುವಿನಲ್ಲಿ ಏನು ಮಾಡುತ್ತಾನೆ, ಕಾವಲುಗಾರನ ಗುಡಿಸಲ ಹಿಂದೆ ತಂತಿಯ ಸುರುಳಿ ಏಕಿದೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಉತ್ತರ ಬರಬಹುದೆಂಬ ಭಯವೇ ಕೇಳದಿರಲು ಕಾರಣ. ಪರ್ಯೂಷಣದಲ್ಲಿ ಸಕಲ ಜೀವಿಗಳ ಕ್ಷಮೆ ಬೇಡುವ ನಾಲಗೆಗೆ ಚೇಣಿದಾರನೊಡನೆ ಒಂದು ಮಾತು ಆಡುವಷ್ಟು ಶಕ್ತಿಯಿಲ್ಲವೇ?

ಟ್ರಸ್ಟುಗಳ ಹೊಣೆ

ಜರ್ಮನಿಯ ತಿದ್ದುಪಡಿಯು ಅಂತಃಕರಣದ ಆಕ್ಷೇಪವನ್ನು ಎತ್ತುವ ಹಕ್ಕನ್ನು ವ್ಯಕ್ತಿಗಳಿಗೆ ಮಾತ್ರ ನೀಡಿತು, ಸಂಸ್ಥೆಗಳಿಗೆ ನೀಡಲಿಲ್ಲ. ಸಂಸ್ಥೆಗೆ ಅಂತಃಕರಣವೆಲ್ಲಿಯದು ಎಂಬುದು ಅದರ ಹಿಂದಿನ ತರ್ಕವಿರಬೇಕು. ಬಸದಿಯ ಟ್ರಸ್ಟುಗಳು ಈ ತರ್ಕವನ್ನು ಸುಳ್ಳಾಗಿಸಬೇಕು. ಭಕ್ತರು ದಾನವಿತ್ತ ಭೂಮಿಯ ಅಂತಃಕರಣವು ಧರ್ಮದರ್ಶಿಗಳ ನಡಾವಳಿ ಪುಸ್ತಕದಲ್ಲಿದೆ. ಅಲ್ಲಿ ಬರೆಯದಿದ್ದರೆ ಆ ಭೂಮಿಗೆ ಅಂತಃಕರಣವೇ ಇಲ್ಲ.

ಮಾಡಬೇಕಾದ ಕಾರ್ಯಗಳು ಕಷ್ಟದವಲ್ಲ. ಟ್ರಸ್ಟಿನ ಯಾವ ಭೂಮಿಯಲ್ಲಿಯೂ ಬಂದೂಕು, ಉರುಳು, ಸಿಡಿಮದ್ದು, ಪ್ರಾಣಾಂತಿಕ ವಿದ್ಯುತ್ ತಂತಿಗಳಿಗೆ ಅವಕಾಶವಿಲ್ಲವೆಂದು ಮೊದಲು ಒಂದು ಠರಾವು ಆಗಬೇಕು. ಫಸಲಿನ ಪ್ರತಿಯೊಂದು ಕರಾರು ಪತ್ರದಲ್ಲಿಯೂ ಇದೇ ಷರತ್ತು ಸೇರಬೇಕು. ಮುರಿದರೆ ಕರಾರು ರದ್ದೆಂದು ಬರೆಯಬೇಕು. ಗಡಿಯ ನಾಲ್ಕು ದಿಕ್ಕಿಗೂ ಕನ್ನಡದಲ್ಲಿ ಸ್ಪಷ್ಟವಾದ ಫಲಕ ಇರಬೇಕು. ವರ್ಷದಲ್ಲಿ ಕೆಲವು ಬಾರಿಯಾದರೂ ಧರ್ಮದರ್ಶಿಗಳು ಕಾಲ್ನಡಿಗೆಯಲ್ಲಿ ಗಡಿಯನ್ನು ಸುತ್ತಿ ಉರುಳುಗಳಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಆಯವ್ಯಯದಲ್ಲಿ ನೆರೆಯ ರೈತರ ಬೇಲಿಗೂ ಕಾವಲಿಗೂ ಒಂದು ಮೊತ್ತವನ್ನು ತೆಗೆದಿಡಬೇಕು; ಪ್ರಾಣಕ್ಕೆ ಎರವಾಗದಂತೆ ಕ್ಷಣಮಾತ್ರ ಆಘಾತ ನೀಡಿ ಹಿಮ್ಮೆಟ್ಟಿಸುವ ಸೋಲಾರ್ ಬೇಲಿಯನ್ನು ಕೂಡಿ ಹಾಕಿಸಬಹುದು. ಪಂಚಕಲ್ಯಾಣದ ಮೆರವಣಿಗೆಗೆ ಹಣ ಕೂಡಿಸಬಲ್ಲ ಸಮಾಜಕ್ಕೆ ನಾಲ್ಕು ಎಕರೆಯ ಬೇಲಿ ಭಾರವಾಗದು.

ಕುಟುಂಬಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ತೋಟವನ್ನು ಮಕ್ಕಳಿಗೆ ಹಂಚುವ ವಿಭಾಗಪತ್ರದಲ್ಲಿ ಬಾವಿಯ ಪಾಳಿ, ದಾರಿಯ ಹಕ್ಕು, ತೆಂಗಿನ ಮರಗಳ ಲೆಕ್ಕ ಎಲ್ಲವೂ ಇರುತ್ತವೆ. ಈ ನೆಲದಲ್ಲಿ ಜೀವಹತ್ಯೆ ಆಗಕೂಡದೆಂಬ ಒಂದು ಸಾಲು ಅಲ್ಲಿ ಸೇರಿದರೆ ಮೊಮ್ಮಕ್ಕಳಿಗೆ ದೊರೆಯುವ ಆಸ್ತಿಯ ಮೌಲ್ಯ ಕಡಿಮೆಯಾಗುವುದಿಲ್ಲ.

ಫ್ರಾನ್ಸಿನ ಸಣ್ಣ ರೈತರ ಫಲಕಗಳನ್ನು ನ್ಯಾಯಾಲಯ ಕೀಳಿಸಿತು; ಅವರು ಮತ್ತೆ ನೆಡುವ ಹಕ್ಕನ್ನು ಗೆದ್ದು ತಂದರು. ಕರ್ನಾಟಕದಲ್ಲಿ ಅಂಥ ಫಲಕವನ್ನು ಕೀಳಿಸುವ ಕಾನೂನು ಇಲ್ಲ, ಕೀಳಬಲ್ಲ ಸಂಘವೂ ಇಲ್ಲ. ನೆಡುವವರು ಮಾತ್ರ ಬೇಕಾಗಿದ್ದಾರೆ.